ಕರೆದರೆ ಬಾರದ ಬುಲ್‌ಡಾಗ್: ಬುದ್ಧಿ ಕಡಿಮೆಯೋ, ತುಂಟತನವೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡೂವರೆ ವರ್ಷದ ಇಂಗ್ಲಿಷ್ ಬುಲ್‌ಡಾಗ್ ಇದ್ದಾನೆ. ಹೆಸರು ಭೀಮ, ತೂಕ 26 ಕೆಜಿ. ‘ಬಾ’ ಎಂದು ಹತ್ತು ಸಲ ಕೂಗಿದರೂ ತಲೆ ಎತ್ತುವುದಿಲ್ಲ. ಫ್ರಿಜ್ಜಿನ ಬಾಗಿಲು ತೆರೆದರೆ ಮಾತ್ರ ಹಿತ್ತಲಿನಿಂದ ಓಡಿ ಬರುತ್ತಾನೆ. ವಾಕಿಂಗ್‌ಗೆ ಹೊರಟರೆ ಅರ್ಧ ದಾರಿಯಲ್ಲಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿಬಿಡುತ್ತಾನೆ, ಮನೆ ಕಡೆ ತಿರುಗಿದರೆ ಏಳುತ್ತಾನೆ. ಬಂದವರ ಚಪ್ಪಲಿ ಬಾಯಲ್ಲಿ ಹಿಡಿದು, ನಾವು ನೋಡುವ ತನಕ ಕಾದು ನಿಂತು, ನೋಡಿದ ಮೇಲೆ ಓಡುತ್ತಾನೆ. ಈ ಜಾತಿಗೆ ಬುದ್ಧಿ ಕಡಿಮೆ, ನಾಲ್ಕು ಬಿಟ್ಟರೇ ಕಲಿಯುವುದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಈ ತಳಿಗೆ ಸರ್ಕಾರದ ನಿಷೇಧವಿದೆ ಅಂತಲೂ ಹೇಳಿದರು. ನಿಜವೇ? ನಾವೇನು ಮಾಡಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬುದ್ಧಿಯಿಲ್ಲದ ನಾಯಿ ಚಪ್ಪಲಿ ಕಚ್ಚಿಕೊಂಡು ನೀವು ನೋಡುವ ತನಕ ಕಾಯುವುದಿಲ್ಲ. ನಿಮ್ಮ ಕಣ್ಣು ಎಲ್ಲಿದೆ, ಕಂಡ ಮೇಲೆ ನೀವೇನು ಮಾಡುತ್ತೀರಿ, ಅದರಿಂದ ತನಗೇನು ಸಿಗುತ್ತದೆ, ಈ ಮೂರೂ ಭೀಮನಿಗೆ ಗೊತ್ತು. ಬುಲ್‌ಡಾಗ್ ಪ್ರತಿಯೊಂದು ಕೆಲಸಕ್ಕೂ ಮುಂಚೆ ಇಂಥದೊಂದು ಲೆಕ್ಕ ಹಾಕುತ್ತದೆ. ಖರ್ಚಿನ ಕಡೆ ಇರುವುದು ಅದರ ಉಸಿರು. ಆ ಖರ್ಚನ್ನು ನೀವು ಸರಿಯಾಗಿ ಅರ್ಥ ಮಾಡಿಕೊಂಡರೆ ಅವನ ಹಟದಲ್ಲಿ ಅರ್ಧದಷ್ಟಕ್ಕೆ ಕಾರಣ ಸಿಗುತ್ತದೆ. ಉಳಿದರ್ಧ ನಿಜವಾದ ತುಂಟತನ, ಅದನ್ನೂ ದಾರಿಗೆ ತರಬಹುದು.

‘ಬುದ್ಧಿ ಕಡಿಮೆ’ ಎಂಬ ಮಾತು ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಕೆನಡಾದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ನಾಯಿ ತಳಿಗಳ ಒಂದು ಪಟ್ಟಿ ಪ್ರಕಟಿಸಿದರು. ಅದರ 79 ಸ್ಥಾನಗಳಲ್ಲಿ ಬುಲ್‌ಡಾಗ್‌ಗೆ 77ನೆಯದು ಸಿಕ್ಕಿತು. ಅದಕ್ಕಿಂತ ಕೆಳಗಿದ್ದವು ಬಸೆಂಜಿ ಮತ್ತು ಅಫ್ಘನ್ ಹೌಂಡ್, ಅಷ್ಟೇ. ಪಟ್ಟಿ ತಯಾರಾದದ್ದು ವಿಧೇಯತೆಯ ಸ್ಪರ್ಧೆಗಳಲ್ಲಿ ಅಂಕ ಕೊಡುವ ಸುಮಾರು 200 ತೀರ್ಪುಗಾರರ ಅಭಿಪ್ರಾಯದ ಮೇಲೆ. ಅವರನ್ನು ಕೇಳಿದ್ದು ಹೇಳಿದ ಮಾತನ್ನು ನಾಯಿ ಎಷ್ಟು ಬೇಗ ಕಲಿಯುತ್ತದೆ, ಮೊದಲ ಸಲಕ್ಕೇ ಎಷ್ಟು ಬಾರಿ ಪಾಲಿಸುತ್ತದೆ ಎಂಬುದನ್ನು. ಸ್ವಂತವಾಗಿ ಸಮಸ್ಯೆ ಬಿಡಿಸುವ ಬುದ್ಧಿ ಬೇರೆ, ತಳಿಗೆ ಹುಟ್ಟಿನಿಂದ ಬಂದ ಬುದ್ಧಿ ಬೇರೆ ಎಂದು ಕೋರೆನ್ ಅವರೇ ವಿಂಗಡಿಸಿದ್ದಾರೆ. ಆ ಎರಡು ಈ ಪಟ್ಟಿಯಲ್ಲಿ ಲೆಕ್ಕಕ್ಕೆ ಬಂದಿಲ್ಲ.

ಪಟ್ಟಿಯ ತಳದ ಗುಂಪಿನ ನಾಯಿಗೆ ಹೊಸ ಮಾತೊಂದು ಹತ್ತಲು 80ರಿಂದ 100 ಸಲ ಹೇಳಿಕೊಡಬೇಕು ಎಂದಿದೆ. ಕೇಳಿದರೆ ಭಯವಾಗುತ್ತದೆ. ದಿನಕ್ಕೆ ಹತ್ತು ಹತ್ತರಂತೆ ಮೂರು ಹೊತ್ತು ಹೇಳಿಕೊಟ್ಟರೆ ಅದು ಮೂರು ನಾಲ್ಕು ದಿನದ ಕೆಲಸ. ಬಾರ್ಡರ್ ಕಾಲಿ ಐದು ಸಲದೊಳಗೆ ಕಲಿಯುತ್ತದೆ, ಒಪ್ಪೋಣ. ಆದರೆ ಆ ನಾಯಿಯನ್ನು ತಲೆತಲಾಂತರದಿಂದ ಕುರುಬನ ಶಿಳ್ಳೆಗೆ ತಿರುಗುವಂತೆ ಆಯ್ದು ಬೆಳೆಸಿದ್ದಾರೆ. ಬುಲ್‌ಡಾಗ್ ಅನ್ನು ಬೆಳೆಸಿದ್ದು ಅದಕ್ಕೆ ತದ್ವಿರುದ್ಧವಾದ ಕೆಲಸಕ್ಕೆ. ಇಂಗ್ಲೆಂಡಿನಲ್ಲಿ ಗೂಟಕ್ಕೆ ಕಟ್ಟಿದ ಗೂಳಿಯ ಮೇಲೆ ನಾಯಿ ಬಿಡುವ ಕ್ರೂರ ಆಟವಿತ್ತು. ನಾಯಿ ನೆಲಕ್ಕೆ ಅಂಟಿದಂತೆ ತೆವಳಿ, ಕೊಂಬು ತಪ್ಪಿಸಿ, ಗೂಳಿಯ ಮೂಗು ಹಿಡಿಯಬೇಕು, ಹಿಡಿದದ್ದನ್ನು ಎಷ್ಟು ನೋವಾದರೂ ಬಿಡಬಾರದು. ಆ ಹೊತ್ತಿನಲ್ಲಿ ಯಜಮಾನನ ಮಾತಿಗೆ ಕಿವಿಗೊಟ್ಟು ಹಿಂದೆ ನೋಡುವ ನಾಯಿ ಉಳಿಯುತ್ತಿರಲಿಲ್ಲ. 1835ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ ಆ ಆಟವನ್ನು ನಿಲ್ಲಿಸಿತು. ಆಮೇಲೆ ತಳಿ ಬೆಳೆಸಿದವರು ಸೌಮ್ಯ ಸ್ವಭಾವದ ಮರಿಗಳನ್ನೇ ಆರಿಸುತ್ತ ಬಂದರು. ರೋಷ ಹೋಯಿತು, ‘ಹಿಡಿದದ್ದು ಬಿಡೆನು’ ಎಂಬ ಗುಣ ಮಾತ್ರ ಉಳಿಯಿತು. ಭೀಮ ಚಪ್ಪಲಿಯನ್ನು ಹಿಡಿದಿರುವುದು ಆ ಗುಣದಿಂದಲೇ. ನಮ್ಮ ಮುಧೋಳದ ನಾಯಿಯನ್ನೇ ನೋಡಿ, ಮೊಲ ಕಣ್ಣಿಗೆ ಬಿದ್ದ ಮೇಲೆ ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಅದನ್ನು ಯಾರೂ ದಡ್ಡ ಎನ್ನುವುದಿಲ್ಲ.

ಇನ್ನೊಂದು ಸಂಗತಿ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬುಡಾಪೆಸ್ಟ್‌ನ ಎಯೋತ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಂಗ್ಲಿಷ್ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಮತ್ತು ಹಂಗೇರಿಯ ಮುದಿ ಎಂಬ ಕುರಿ ಕಾಯುವ ತಳಿಯ ನಾಯಿಗಳಿಗೆ ತಿಂಡಿಯಿಟ್ಟ ಪೆಟ್ಟಿಗೆಗಳನ್ನು ಕೊಟ್ಟರು. ಮುದಿ ತಳಿಯ ನಾಯಿಗಳು ಪೆಟ್ಟಿಗೆ ತೆರೆಯುವುದರಲ್ಲಿ ಮುಂದಿದ್ದವು. ಬುಲ್‌ಡಾಗ್‌ಗಳು ಮತ್ತೆ ಮತ್ತೆ ತಿರುಗಿ ಹಿಂದೆ ನಿಂತ ಮನುಷ್ಯರ ಮುಖ ನೋಡಿದವು. ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಪೆಟ್ಟಿಗೆ ತೆರೆಯಬಲ್ಲವರು ಯಾರು ಎಂದು ಆ ನಾಯಿಗೆ ಗೊತ್ತಿದೆ, ಅವರನ್ನು ಕೆಲಸಕ್ಕೆ ಹಚ್ಚುವುದೂ ಗೊತ್ತಿದೆ. ಕಣ್ಣಿನ ರಚನೆಯೂ ಇದಕ್ಕೆ ಹೊಂದುತ್ತದೆ: ಉದ್ದ ಮೂತಿಯ ನಾಯಿಗಳ ಅಕ್ಷಿಪಟದಲ್ಲಿ ನೋಟದ ನರಕೋಶಗಳು ಅಡ್ಡಪಟ್ಟಿಯಂತೆ ಹರಡಿರುತ್ತವೆ, ಮೋಟು ಮೂತಿಯವುಗಳಲ್ಲಿ ನಡುವಿಗೆ ಒತ್ತಾಗಿ ಸೇರಿರುತ್ತವೆ. ಎದುರಿಗಿರುವ ಮುಖವನ್ನು ದಿಟ್ಟಿಸಲು ಅದು ಅನುಕೂಲ. ಹಾಗಾಗಿ ಭೀಮ ದಿನವಿಡೀ ನಿಮ್ಮ ಮುಖವನ್ನು ಓದುತ್ತಿರುತ್ತಾನೆ. ನಿಮ್ಮ ಧ್ವನಿಗಿಂತ ನಿಮ್ಮ ಮುಖ ಮತ್ತು ಕೈ ಅವನಿಗೆ ಬೇಗ ಅರ್ಥವಾಗುತ್ತವೆ. ಕಲಿಸುವಾಗ ಮಾತಿನ ಜೊತೆ ಕೈಸನ್ನೆ ಇರಲಿ ಎಂದು ಹೇಳುವುದು ಇದಕ್ಕಾಗಿ.

ಈಗ ಕರೆದರೆ ಬಾರದ ವಿಷಯ. ಕಿವಿ ಕೇಳುತ್ತದೆಯೇ ಎಂಬ ಅನುಮಾನ ನಿಮಗೆ ಬೇಡ. ಹಿತ್ತಲಿನಲ್ಲಿದ್ದವನಿಗೆ ಫ್ರಿಜ್ಜಿನ ಸದ್ದು ಕೇಳಿತು ಎಂದ ಮೇಲೆ ಕಿವಿ ಸರಿಯಿದೆ. ಫ್ರಿಜ್ಜು ಸುಳ್ಳು ಹೇಳಿಲ್ಲ, ಒಂದೇ ಸಲ ಸದ್ದು ಮಾಡುತ್ತದೆ, ತಿಂಡಿ ಬರುತ್ತದೆ. ‘ಬಾ’ ಎಂಬ ಮಾತಿಗೆ ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಸಿಕ್ಕಿಲ್ಲ, ಹತ್ತನೆಯ ಸಲ ಸ್ನಾನವೋ ಉಗುರು ಕತ್ತರಿಸುವುದೋ ಕಾದಿತ್ತು. ಮನೆಯಲ್ಲಿ ಎಲ್ಲರೂ ಎಲ್ಲರಿಗೂ ‘ಬಾ’ ಎನ್ನುತ್ತಲೇ ಇರುತ್ತಾರೆ. ಆ ಪದ ಸವೆದುಹೋಗಿದೆ, ಬಿಟ್ಟುಬಿಡಿ. ಹೊಸ ಪದವೊಂದನ್ನು ಇಟ್ಟುಕೊಳ್ಳಿ. ‘ಇತ್ತ’ ಒಳ್ಳೆಯದು, ದಿನದ ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ, ಕೊನೆಯ ಒತ್ತಕ್ಷರ ಚುರುಕಾಗಿ ಕೇಳಿಸುತ್ತದೆ. ಮೆಚ್ಚುಗೆಗೂ ಒಂದೇ ಪದವಿರಲಿ, ‘ಭೇಷ್’ ಎನ್ನಿ.

ಉಪ್ಪು, ಮಸಾಲೆ, ಎಣ್ಣೆ ಹಾಕದೆ ಬೇಯಿಸಿದ ಕೋಳಿಯನ್ನು ಕಡಲೆಕಾಳಿನಷ್ಟು ಸಣ್ಣದಾಗಿ ಕತ್ತರಿಸಿಕೊಳ್ಳಿ. ಸಸ್ಯಾಹಾರದ ಮನೆಯಾದರೆ ಪನೀರು ಅಥವಾ ಬೇಯಿಸಿದ ಸಿಹಿಗೆಣಸು ಆಗುತ್ತದೆ. ಮೊದಲ ಮೂರು ದಿನ ಅವನಿಂದ ಒಂದೇ ಹೆಜ್ಜೆ ದೂರ ನಿಂತು, ಕೈಯನ್ನು ಮೊಣಕಾಲಿಗೆ ತಟ್ಟುತ್ತ ‘ಇತ್ತ’ ಎಂದು ಒಮ್ಮೆ ಹೇಳಿ. ತಲೆ ತಿರುಗಿಸಿದ ಕ್ಷಣವೇ ‘ಭೇಷ್’, ಒಂದು ಸೆಕೆಂಡಿನೊಳಗೆ ತುಣುಕು ಬಾಯಿಗೆ. ಹತ್ತು ಸಲ ಮಾಡಿ ನಿಲ್ಲಿಸಿ. ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ಬೇಸರ ಬರುವ ಮೊದಲೇ ನಿಲ್ಲಿಸಿದರೆ ಮುಂದಿನ ಸಲ ಅವನೇ ಕಾಯುತ್ತಿರುತ್ತಾನೆ. ನಾಲ್ಕನೆಯ ದಿನದಿಂದ ಎರಡು ಮೀಟರ್, ಆಮೇಲೆ ಪಕ್ಕದ ಕೋಣೆ, ಆಮೇಲೆ ಅಂಗಳ. ಐದು ಸಲದಲ್ಲಿ ನಾಲ್ಕು ಸಲ ಬಂದರೆ ದೂರ ಹೆಚ್ಚಿಸಿ. ಸತತ ಎರಡು ಸಲ ಬಾರದಿದ್ದರೆ ದೂರವನ್ನು ಅರ್ಧಕ್ಕಿಳಿಸಿ. ಬರಲಿಲ್ಲವೆಂದು ಎರಡನೆಯ ಸಲ ಕೂಗಬೇಡಿ. ಸುಮ್ಮನೆ ಹತ್ತಿರ ಹೋಗಿ, ತುಣುಕನ್ನು ಮೂಗಿಗೆ ತೋರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಬಂದ ಮೇಲೆ ಕೊಡಿ. ಸ್ನಾನಕ್ಕೆ, ಔಷಧಿಗೆ ಈ ಪದ ಬಳಸಲೇಬಾರದು, ಅವಕ್ಕೆ ನೀವೇ ಹೋಗಿ ಕರೆದುಕೊಂಡು ಬನ್ನಿ. ಇಲ್ಲಿ ಎಡವುವವರೆಲ್ಲ ಎಡವುವುದು ಒಂದೇ ಕಡೆ: ಮೂರನೆಯ ದಿನ ಮನೆಯೊಳಗೆ ಬಂದ ಎಂದು ನಾಲ್ಕನೆಯ ದಿನ ರಸ್ತೆಯಲ್ಲಿ ಪರೀಕ್ಷೆ ಮಾಡುತ್ತಾರೆ. ನಾಯಿಗೆ ಅಡುಗೆಮನೆಯ ‘ಇತ್ತ’ ಮತ್ತು ರಸ್ತೆಯ ‘ಇತ್ತ’ ಎರಡು ಬೇರೆ ಪಾಠಗಳು.

ತೂಕದ ಚಿಂತೆ ಇರಬೇಕು, ಏಕೆಂದರೆ ಬುಲ್‌ಡಾಗ್‌ನ ಮೈಯಲ್ಲಿ ಎರಡು ಕೆಜಿ ಹೆಚ್ಚಾದರೆ ಅದು ಗಂಟಲಿನ ಮೇಲೆ, ಸೊಂಟದ ಮೇಲೆ ಬೀಳುತ್ತದೆ. 26 ಕೆಜಿಯ, ಹೆಚ್ಚು ಓಡಾಡದ ನಾಯಿಗೆ ದಿನಕ್ಕೆ ಸುಮಾರು 1,100 ಕ್ಯಾಲರಿ ಸಾಕು. ಅದರಲ್ಲಿ ಬಹುಮಾನದ ತಿಂಡಿ ಹತ್ತರಲ್ಲೊಂದು ಭಾಗ ಮೀರಬಾರದು, ಎಂದರೆ 110 ಕ್ಯಾಲರಿ. ಒಂದೊಂದು ಗ್ರಾಮಿನ 30 ಕೋಳಿ ತುಣುಕು 45–50 ಕ್ಯಾಲರಿ ಆಗುತ್ತದೆ, ಧಾರಾಳವಾಗಿ ಕೊಡಬಹುದು, ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಾಡಿಸಿದರೆ ಸಿಗಬೇಕು.

ವಾಕಿಂಗ್‌ನಲ್ಲಿ ಮಲಗುವುದನ್ನು ಹಟ ಎಂದು ಕರೆಯುವ ಮೊದಲು ದಯವಿಟ್ಟು ಅವನ ಉಸಿರನ್ನು ನೋಡಿ. ನಾಯಿ ಮೈಯಿಂದ ಬೆವರುವುದಿಲ್ಲ, ತೇಕುತ್ತ ಮೂಗು ನಾಲಿಗೆಗಳ ತೇವ ಆರಿಸಿಕೊಂಡು ತಂಪಾಗುತ್ತದೆ. ಬುಲ್‌ಡಾಗ್‌ನ ಮೂತಿಯ ಎಲುಬು ಚಿಕ್ಕದಾಯಿತೇ ಹೊರತು ಒಳಗಿನ ಮಾಂಸ ಅಷ್ಟು ಚಿಕ್ಕದಾಗಲಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟು ಕಿರಿದು, ಮೆದು ಅಂಗುಳು ಉದ್ದವಾಗಿ ಗಂಟಲಿಗೆ ಜೋತುಬಿದ್ದಿರುತ್ತದೆ, ಶ್ವಾಸನಾಳವೂ ಈ ತಳಿಯಲ್ಲಿ ಸಣ್ಣ. ಜೋರಾಗಿ ತೇಕಿದಷ್ಟೂ ಗಂಟಲ ಮಾಂಸ ಊದುತ್ತದೆ, ಊದಿದಷ್ಟೂ ಗಾಳಿ ಕಡಿಮೆ, ಗಾಳಿ ಕಡಿಮೆಯಾದಷ್ಟೂ ಇನ್ನಷ್ಟು ತೇಕು. ಈ ಸುಳಿಗೆ ಸಿಕ್ಕರೆ ಏನಾಗುತ್ತದೆ ಎಂದು ಭೀಮನಿಗೆ ಮೈಯಿಂದಲೇ ಗೊತ್ತು. ಅದಕ್ಕೆ ಮೊದಲೇ ಮಲಗುತ್ತಾನೆ. ದಾವಣಗೆರೆಯ ಬೇಸಿಗೆಯಲ್ಲಿ ಅದು ಬುದ್ಧಿವಂತರ ತೀರ್ಮಾನ.

ಆದ್ದರಿಂದ ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಆರೂವರೆಯೊಳಗೆ ಅವನ ವಾಕಿಂಗ್ ಮುಗಿದಿರಲಿ. ಸಂಜೆ ಆರಕ್ಕೆ ಬಿಸಿಲು ಹೋಗಿದ್ದರೂ ಡಾಂಬರು ಬಿಸಿಯಿರುತ್ತದೆ, ಭೀಮನ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿಲ್ಲ. ಮುಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಲಾಗದಿದ್ದರೆ ಹೊರಡಬೇಡಿ. ಒಂದು ಸಲಕ್ಕೆ 15 ನಿಮಿಷ ಸಾಕು. ಕುತ್ತಿಗೆ ಪಟ್ಟಿಗೆ ಹಗ್ಗ ಕಟ್ಟಿ ಎಳೆದರೆ ಆ ಸಣ್ಣ ಶ್ವಾಸನಾಳವನ್ನು ನೀವೇ ಒತ್ತಿದಂತೆ, ಎದೆಯ ಮೇಲೆ ಕೂರುವ ಹಾರ್ನೆಸ್ ಹಾಕಿ.

ಇದೆಲ್ಲ ಆದ ಮೇಲೂ ಮಲಗಿದರೆ ಲಕ್ಷಣ ಗಮನಿಸಿ. ಹೋಗುವಾಗ ಮಲಗಿ, ಬರುವಾಗ ಬಾಲದ ಮೊಟಕು ಆಡಿಸುತ್ತ ಬೇಗ ಬೇಗ ನಡೆದರೆ ಅದು ಚೌಕಾಸಿ. ಮನೆಯಲ್ಲಿ ನಿದ್ದೆಯಿಂದ ಏಳುವಾಗಲೂ ತಡವರಿಸುತ್ತಿದ್ದರೆ, ಹಿಂಗಾಲು ಎರಡನ್ನೂ ಕೂಡಿಸಿ ಕುಪ್ಪಳಿಸಿದರೆ ಸೊಂಟದ ಕೀಲನ್ನು ಪರೀಕ್ಷೆ ಮಾಡಿಸಿ. ಪಾದ ನೆಕ್ಕುತ್ತಿದ್ದರೆ ಬೆರಳ ಸಂದು ಬಿಡಿಸಿ ನೋಡಿ, ಈ ತಳಿಗೆ ಅಲ್ಲಿ ಕೆಂಪು ಗುಳ್ಳೆ ಆಗುವುದು ಬಹಳ ಸಾಮಾನ್ಯ, ನಡೆದರೆ ಮುಳ್ಳು ಚುಚ್ಚಿದಷ್ಟು ನೋವು. ನಿಂತ ಹತ್ತು ನಿಮಿಷದ ಮೇಲೂ ತೇಕು ಇಳಿಯದಿದ್ದರೆ, ಉಸಿರಿನಲ್ಲಿ ಗರಗರ ಸದ್ದಿದ್ದರೆ, ಬಿಳಿ ನೊರೆ ಕಕ್ಕಿದರೆ ಪಶುವೈದ್ಯರಿಗೆ ತೋರಿಸಿ. ಹೊಳ್ಳೆ ಅಗಲ ಮಾಡುವ, ಉದ್ದದ ಅಂಗುಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯಿದೆ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದಷ್ಟು ಒಳ್ಳೆಯದು.

ನಾಯಿಯ ಸಹಜ ತಾಪ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಾಪಾಯ. ನಾಲಿಗೆ ನೀಲಿಗಟ್ಟಿದರೆ, ತೂರಾಡಿದರೆ ಕೂಡಲೇ ನೆರಳಿಗೆ ತಂದು ಮೈಗೆಲ್ಲ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಸುರಿಯುತ್ತಲೇ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಸ್ವಲ್ಪ ಹೊತ್ತಿಗೆ ಬಿಸಿಯಾಗಿ ಶಾಖವನ್ನು ಒಳಗೇ ಕೂಡಿಹಾಕುತ್ತದೆ. ತಂಪಾಗಲಿ ಎಂದು ಕೆರೆಗೋ ಈಜುಕೊಳಕ್ಕೋ ಬಿಡುವುದು ಬೇಡವೇ ಬೇಡ. ತಲೆ ಭಾರ, ಕಾಲು ಗಿಡ್ಡ, ಬುಲ್‌ಡಾಗ್ ಮುಳುಗುತ್ತದೆ.

ಬರೀ ಚೌಕಾಸಿ ಎಂದು ಖಚಿತವಾದರೆ ಪರಿಹಾರ ಸುಲಭ. ಸಾಮಾನ್ಯವಾಗಿ ಹನ್ನೆರಡನೆಯ ನಿಮಿಷಕ್ಕೆ ಮಲಗುತ್ತಾನೆ ಎಂದಿಟ್ಟುಕೊಳ್ಳಿ, ನೀವು ಎಂಟಕ್ಕೇ ಮನೆ ಕಡೆ ತಿರುಗಿ. ಪ್ರತಿ ಇಪ್ಪತ್ತು ಹೆಜ್ಜೆಗೆ ಒಂದು ತುಣುಕು. ಮಲಗಿದ ಮೇಲೆ ತಿಂಡಿ ತೋರಿಸಿ ಎಬ್ಬಿಸಿದರೆ ಮಲಗಿದ್ದಕ್ಕೇ ಸಂಬಳ ಕೊಟ್ಟಂತೆ, ಎತ್ತಿಕೊಂಡು ಬಂದರೆ ಬೋನಸ್ಸು. ಹಗ್ಗ ಸಡಿಲ ಬಿಟ್ಟು, ಅವನ ಮುಖ ನೋಡದೆ, ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ತಾನಾಗಿ ಎದ್ದಾಗ ಐದು ಹೆಜ್ಜೆ ನಡೆಸಿ, ಆಮೇಲೆ ಕೊಡಿ. ವಾರಕ್ಕೆ ಎರಡು ನಿಮಿಷದಂತೆ ದೂರ ಹೆಚ್ಚಿಸಬಹುದು.

ಚಪ್ಪಲಿಯ ಆಟದಲ್ಲಿ ಅವನ ಸಂಬಳ ಚಪ್ಪಲಿಯಲ್ಲ, ನಿಮ್ಮ ಓಟ. ಮನೆಮಂದಿಯೆಲ್ಲ ಎದ್ದು, ಕೂಗಿ, ಸೋಫಾ ಸುತ್ತ ಅಟ್ಟಿಸಿಕೊಂಡು ಬರುವುದಕ್ಕಿಂತ ದೊಡ್ಡ ಹಬ್ಬ ಅವನಿಗೆ ದಿನದಲ್ಲಿ ಇನ್ನೊಂದಿಲ್ಲ. ಅದಕ್ಕೇ ನೋಡುವ ತನಕ ಕಾಯುತ್ತಾನೆ. ಹಾಗಾಗಿ ಮೊದಲು ಬಾಗಿಲಿರುವ ಚಪ್ಪಲಿ ಗೂಡು ಮಾಡಿಸಿ. ಹಳೆಯ ಚಪ್ಪಲಿಯನ್ನು ಆಟಕ್ಕೆ ಕೊಟ್ಟಿದ್ದರೆ ಎತ್ತಿಬಿಡಿ, ಹಳೆಯದು ತನ್ನದು, ಹೊಸದು ನೆಂಟರದು ಎಂಬ ಭೇದ ಅವನಿಗೆ ತಿಳಿಯುವುದಿಲ್ಲ. ಆಮೇಲೆ ‘ಕೊಡು’ ಕಲಿಸಿ. ಅವನಿಗೆ ಅಷ್ಟೇನೂ ಪ್ರೀತಿಯಿಲ್ಲದ ಆಟಿಕೆಯಿಂದ ಶುರು ಮಾಡಿ. ಬಾಯಲ್ಲಿ ಹಿಡಿದಾಗ ಕೋಳಿ ತುಣುಕನ್ನು ಮೂಗಿನ ಹತ್ತಿರ ತನ್ನಿ. ಬಾಯಿ ಸಡಿಲವಾಗುತ್ತಿದ್ದಂತೆ ‘ಕೊಡು’ ಎನ್ನಿ, ತುಣುಕು ಕೊಡಿ, ಆಟಿಕೆಯನ್ನು ಮರಳಿ ಅವನಿಗೇ ಕೊಡಿ. ಈ ಮರಳಿ ಕೊಡುವುದರಲ್ಲೇ ಗುಟ್ಟಿದೆ. ಹತ್ತರಲ್ಲಿ ಎಂಟು ಸಲವಾದರೂ ಮರಳಿ ಸಿಕ್ಕರೆ ‘ಕೊಡು’ ಎಂದರೆ ಕಳೆದುಕೊಳ್ಳುವುದಲ್ಲ, ಎರಡು ಲಾಭ ಎಂದು ಅವನ ಲೆಕ್ಕ ಬದಲಾಗುತ್ತದೆ. ದಿನಕ್ಕೆ ಹತ್ತು ಸಲದಂತೆ ಒಂದು ವಾರ, ಆಮೇಲೆ ಸ್ವಲ್ಪ ಹೆಚ್ಚು ಪ್ರೀತಿಯ ವಸ್ತು, ಮೂರನೆಯ ವಾರ ಚಪ್ಪಲಿ. ದವಡೆ ಬಿಡಿಸಿ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡ ಮನೆಗಳಲ್ಲಿ ನಾಯಿ ಎರಡರಲ್ಲೊಂದು ಕಲಿಯುತ್ತದೆ: ಹತ್ತಿರ ಬಂದವರಿಗೆ ಗುರ್ ಎನ್ನುವುದು, ಇಲ್ಲವೇ ಸಿಕ್ಕದ್ದನ್ನು ಗಬಕ್ಕನೆ ನುಂಗುವುದು.

ಅಟ್ಟಿಸಿಕೊಂಡು ಹೋಗುವುದನ್ನು ನಿಲ್ಲಿಸಿದ ಮೊದಲ ನಾಲ್ಕೈದು ದಿನ ತುಂಟತನ ಜಾಸ್ತಿಯಾಗುತ್ತದೆ. ಚಪ್ಪಲಿ ನಡೆಯಲಿಲ್ಲವೇ, ದಿಂಬು ತರುತ್ತಾನೆ, ಎದುರು ನಿಂತು ಬೊಗಳುತ್ತಾನೆ, ನಿಮ್ಮ ಪಂಚೆಯ ತುದಿ ಎಳೆಯುತ್ತಾನೆ. ನಿಂತುಹೋದ ಸಂಬಳ ಕೇಳುವ ರೀತಿ ಅದು, ಒಳ್ಳೆಯ ಲಕ್ಷಣ. ಆ ದಿನಗಳಲ್ಲಿ ಒಬ್ಬರು ಸೋತು ಒಂದೇ ಸಲ ಓಡಿದರೂ, ಹೆಚ್ಚು ಗಲಾಟೆ ಮಾಡಿದರೆ ಸಿಗುತ್ತದೆ ಎಂಬ ಪಾಠ ಗಟ್ಟಿಯಾಗಿ ಕೂರುತ್ತದೆ, ಹಿಂದಿಗಿಂತ ಬಿಡಿಸುವುದು ಕಷ್ಟ. ಊಟದ ಹೊತ್ತಿನಲ್ಲಿ ತಟ್ಟೆಯಿಂದ ಚಪಾತಿ ಚೂರು ಕೊಡುವ ಅಜ್ಜಿಯೋ ಮಕ್ಕಳೋ ಇದ್ದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ. ಅಜ್ಜಿಗೆ ಕೊಡುವ ಆಸೆಯಿದ್ದರೆ ‘ಇತ್ತ’ ಪಾಠವನ್ನು ಅವರ ಕೈಗೇ ಒಪ್ಪಿಸಬಹುದು.

ನುಂಗುವುದರ ಬಗ್ಗೆ ಒಂದು ಎಚ್ಚರಿಕೆ, ಇದು ತುಂಟತನದ ವಿಷಯದಲ್ಲಿ ಪ್ರಾಣಕ್ಕೆ ಬರುವ ಭಾಗ. ನಮ್ಮ ಕಡೆ ಏಪ್ರಿಲ್‌ನಿಂದ ಜೂನ್‌ವರೆಗೆ ಮಾವಿನ ವಾಟೆ, ಮಳೆಗಾಲದಲ್ಲಿ ಮೆಕ್ಕೆಜೋಳದ ದಿಂಡು, ವರ್ಷವಿಡೀ ಕಾಲುಚೀಲ. ಮೂರೂ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ, ಬಟ್ಟೆ ಮತ್ತು ದಿಂಡು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದೆಯೂ ಇರಬಹುದು. ನುಂಗಿದ್ದನ್ನು ಕಂಡಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಅಲ್ಟ್ರಾಸೌಂಡ್ ಮಾಡಿಸಬೇಕಾಗುತ್ತದೆ. ಮೇಲಿಂದ ಮೇಲೆ ವಾಂತಿ, ಊಟ ಬಿಡುವುದು, ಮುಂಗಾಲು ಚಾಚಿ ಸೊಂಟ ಎತ್ತಿ ನಮಸ್ಕಾರದ ಭಂಗಿಯಲ್ಲಿ ನಿಲ್ಲುವುದು ಕಂಡರೆ ಅಂದೇ ಹೋಗಿ. ಉಪ್ಪುನೀರು ಕುಡಿಸಿ ಮನೆಯಲ್ಲಿ ವಾಂತಿ ಮಾಡಿಸಬೇಡಿ. ಉಪ್ಪೇ ವಿಷವಾಗಬಹುದು, ಮೇಲಾಗಿ ಈ ತಳಿಯ ಗಂಟಲಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಅರಿವಳಿಕೆಯೂ ಬೇರೆ ನಾಯಿಗಳಿಗಿಂತ ಇವಕ್ಕೆ ಕಷ್ಟ, ಹಾಗಾಗಿ ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಹಾಕುವುದು ಸಣ್ಣ ಕೆಲಸವಲ್ಲ. ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಚಾಕೊಲೇಟ್, ಕಾಫಿಪುಡಿ ಅವನ ಬಾಯಿಗೆ ಎಟುಕಬಾರದು.

ಹೊಡೆದು ಕಲಿಸುವ ಸಲಹೆಯನ್ನು ಪೂರ್ತಿ ಮರೆತುಬಿಡಿ. ನೋವು ತಡೆದುಕೊಳ್ಳಲೆಂದೇ ಬೆಳೆಸಿದ ತಳಿಯಿದು. ಪೆಟ್ಟು ಅದಕ್ಕೆ ಪಾಠ ಕಲಿಸುವುದಿಲ್ಲ, ನಿಮ್ಮ ಕೈಯ ಮೇಲಿನ ನಂಬಿಕೆಯನ್ನಷ್ಟೇ ಕಳೆಯುತ್ತದೆ. ಇನ್ನೂ ದೊಡ್ಡ ಅಪಾಯವೊಂದಿದೆ. ಬೇರೆ ನಾಯಿಗಳು ಕಿವಿ ಹಿಂದೆ ಸರಿಸಿ, ತುಟಿ ಮೇಲೆತ್ತಿ, ಬಾಲ ಮುದುಡಿ ‘ಸಾಕು’ ಎಂದು ಹೇಳುತ್ತವೆ. ಬುಲ್‌ಡಾಗ್‌ಗೆ ಬಾಲ ಬೆರಳುದ್ದ, ಮುಖದಲ್ಲಿ ಮೊದಲೇ ಸುಕ್ಕು, ತುಟಿ ಜೋಲು, ಗುರುಗುಟ್ಟಿದರೆ ಗೊರಕೆಯಂತೆ ಕೇಳಿಸುತ್ತದೆ. ಅದರ ಎಚ್ಚರಿಕೆ ಮನೆಯವರ ಕಣ್ಣಿಗೇ ಬೀಳುವುದಿಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ. ತೇಕುತ್ತಿದ್ದವನು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿ ಮೈ ಬಿಗಿಹಿಡಿದರೆ, ಕಣ್ಣಂಚಿನ ಬಿಳಿ ಕಂಡರೆ, ಮೂಗನ್ನು ಮತ್ತೆ ಮತ್ತೆ ನೆಕ್ಕಿದರೆ, ಅವನಿಗೆ ಜಾಗ ಬಿಡಿ. ಮನೆಯ ಎಲ್ಲರಿಗೂ ಈ ಮೂರು ಗುರುತು ಹೇಳಿಕೊಡಿ.

ಅಷ್ಟು ಲೆಕ್ಕ ಹಾಕುವ ತಲೆಗೆ ದಿನಕ್ಕೆ ಹತ್ತು ನಿಮಿಷದ ಕೆಲಸವನ್ನಾದರೂ ಕೊಡದಿದ್ದರೆ ಅವನೇ ಕೆಲಸ ಹುಡುಕಿಕೊಳ್ಳುತ್ತಾನೆ. ಬೆಳಗಿನ ಊಟದ ಒಂದು ಹಿಡಿಯನ್ನು ಇಡ್ಲಿ ತಟ್ಟೆಯ ಗುಳಿಗಳಿಗೆ ಹಂಚಿ. ಮೊದಲ ದಿನ ಹಾಗೆಯೇ ತಿನ್ನಲಿ. ಎರಡನೆಯ ದಿನ ಒಂದು ಗುಳಿಯ ಮೇಲೆ ಸಣ್ಣ ಸ್ಟೀಲ್ ಬಟ್ಟಲು ಮಗುಚಿ, ಆಮೇಲೆ ಎರಡು, ಆಮೇಲೆ ನಾಲ್ಕೂ. ಮೂತಿಯಿಂದ ತಳ್ಳುತ್ತಾನೋ, ಪಂಜದಿಂದ ಹೊಡೆಯುತ್ತಾನೋ, ತಟ್ಟೆಯನ್ನೇ ಬೋರಲು ಹಾಕುತ್ತಾನೋ ನೋಡಿ, ಅವನ ಬುದ್ಧಿಯ ಬಗೆ ಅಲ್ಲಿ ಕಾಣುತ್ತದೆ. ಅರ್ಧಕ್ಕೆ ನಿಲ್ಲಿಸಿ ನಿಮ್ಮ ಮುಖ ನೋಡಿದರೆ ತಕ್ಷಣ ತೆರೆದುಕೊಡಬೇಡಿ, ಹತ್ತು ಸೆಕೆಂಡ್ ಕಾದು, ಬಟ್ಟಲಿನ ಕಡೆ ಬೆರಳು ತೋರಿಸಿ. ಫ್ಯಾನ್ ಕೆಳಗೆ, ಐದು ನಿಮಿಷ. ಟೆನಿಸ್ ಚೆಂಡು ಈ ಆಟಕ್ಕೂ ಬೇಡ, ಬೇರೆ ಯಾವ ಆಟಕ್ಕೂ ಬೇಡ, ಬುಲ್‌ಡಾಗ್‌ನ ಅಗಲ ಬಾಯಿಯಲ್ಲಿ ಅದು ಗಂಟಲಿಗೆ ಜಾರಬಹುದು.

ಇಷ್ಟವಾದ ಕೆಲಸಕ್ಕೆ ಈ ತಳಿ ಎಷ್ಟು ಶ್ರದ್ಧೆ ಹಾಕಬಲ್ಲದು ಎಂಬುದಕ್ಕೆ ಸ್ಕೇಟ್‌ಬೋರ್ಡ್ ಸಾಕ್ಷಿ. ಅಮೆರಿಕದ ಟಿಲ್‌ಮನ್ ಎಂಬ ಇಂಗ್ಲಿಷ್ ಬುಲ್‌ಡಾಗ್ 2009ರಲ್ಲಿ ಸ್ಕೇಟ್‌ಬೋರ್ಡ್ ಮೇಲೆ 100 ಮೀಟರನ್ನು 20 ಸೆಕೆಂಡಿನೊಳಗೆ ದಾಟಿ ಗಿನ್ನೆಸ್ ದಾಖಲೆ ಮಾಡಿತು. 2015ರಲ್ಲಿ ಪೆರುವಿನ ಲಿಮಾದಲ್ಲಿ ಒಟ್ಟೊ ಎಂಬ ಬುಲ್‌ಡಾಗ್ ಸಾಲಾಗಿ ಕಾಲಗಲಿಸಿ ನಿಂತ 30 ಜನರ ನಡುವೆ ತೂರಿಕೊಂಡು ಹೋಯಿತು. ಮೈ ತಗ್ಗು, ಎದೆ ಅಗಲ, ಹಲಗೆಯ ಮೇಲೆ ತೂಕ ನಿಲ್ಲುತ್ತದೆ. ಅಷ್ಟೇ ಅಲ್ಲ, ಒಮ್ಮೆ ಒದ್ದರೆ ಹಲಗೆ ತಾನಾಗಿ ಉರುಳುತ್ತದೆ, ಖರ್ಚು ಕಡಿಮೆ, ಖುಷಿ ಹೆಚ್ಚು. ಬುಲ್‌ಡಾಗ್‌ಗೆ ಇದಕ್ಕಿಂತ ಒಪ್ಪುವ ವ್ಯಾಪಾರ ಯಾವುದಿದೆ!

ನೀವು ಕೇಳಿಲ್ಲ, ಆದರೆ ಭೀಮ ಸಂಜೆ ಹೊತ್ತು ಅಥವಾ ಸ್ನಾನವಾದ ಮೇಲೆ ಹುಚ್ಚು ಹಿಡಿದವನಂತೆ ಮನೆಯಿಡೀ ಸುತ್ತುತ್ತಲೂ ಇರಬಹುದು. ಹೆಚ್ಚೆಂದರೆ ಒಂದೆರಡು ನಿಮಿಷ, ತಾನಾಗಿ ನಿಲ್ಲುತ್ತದೆ, ರೋಗವಲ್ಲ. ಟೈಲ್ಸ್ ಅಥವಾ ಗ್ರಾನೈಟ್ ನೆಲದಲ್ಲಿ ಜಾರಿ ಮಂಡಿಯ ಲಿಗಮೆಂಟ್ ಹರಿಯದಂತೆ ತಿರುವುಗಳಲ್ಲಿ ಜಾರದ ಚಾಪೆ ಹಾಸಿ.

ನಿಷೇಧದ ಮಾತು: ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಸುತ್ತೋಲೆ ಹೊರಡಿಸಿತ್ತು. ಅದರಲ್ಲಿದ್ದದ್ದು ಅಮೆರಿಕನ್ ಬುಲ್‌ಡಾಗ್, ಉದ್ದ ಕಾಲಿನ ಬೇರೆಯೇ ತಳಿ. ಇಂಗ್ಲಿಷ್ ಬುಲ್‌ಡಾಗ್ ಆ ಪಟ್ಟಿಯಲ್ಲಿರಲಿಲ್ಲ. ಆ ಸುತ್ತೋಲೆಯನ್ನೂ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಪಕ್ಕದ ಮನೆಯವರಿಗೆ ಭೀಮನ ರೇಬೀಸ್ ಲಸಿಕೆಯ ಪುಸ್ತಕ ತೋರಿಸಿ. ‘ಇತ್ತ’ ಗಟ್ಟಿಯಾದ ಮೇಲೆ ಕಾಂಪೌಂಡಿನ ಈಚೆಯಿಂದ ಅವರ ಕೈಯಲ್ಲೂ ಎರಡು ತುಣುಕು ಕೊಟ್ಟು ಅವರಿಂದಲೇ ಕರೆಸಿ ನೋಡಿ.